ಆನೆಗೆ ಎಲ್ಲಿ ಹೊಡೆಯಬೇಕೆಂದು ನೀನು ಹೇಳಲಿಲ್ಲ

ಅಪ್ಪಾ,

ಆನೆ ಇನ್ನೂ ಸತ್ತಿಲ್ಲ. ಇವತ್ತು ದೀಪ ಹಚ್ಚುವ ಹೊತ್ತಿಗೆ ಘಾಟ್ಕೋಪರಿನ ಒಂದು ಹಳೆಯ ಗೋದಾಮಿನ ಕಂಪೌಂಡಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಸೊಂಡಿಲಿನಿಂದ ರಕ್ತದ ನೊರೆ ಬರುತ್ತಿತ್ತು. ಇದನ್ನು ನನಗೆ ಹೇಳಿದವನು ನಿನ್ನ ಮಗ ಶಿವಪ್ಪ. ಅದಕ್ಕೆ ಗುಂಡು ಹೊಡೆದವನೂ ಅವನೇ.

ಸಂಜೆಯ ಪತ್ರಿಕೆ ಮಾತ್ರ ಆನೆ ಸತ್ತಿತೆಂದೇ ಅಚ್ಚು ಹಾಕಿದೆ. ನೀನು ಇದ್ದಾಗ ದಿನಾ ಪೇಪರು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ‘ಇದು ಖರೇನ ಏನವ್ವಾ, ಬರೇ ಅಚ್ಚಾಗೇತೋ?’ ಎಂದು ನೀನು ನಡುನಡುವೆ ಕೇಳುತ್ತಿದ್ದೆ. ಖರೆ ಎಷ್ಟೋ ಅಷ್ಟನ್ನು ಬರೆಯುತ್ತೇನೆ. ಸರ್ಕಸ್ಸಿನ ಗಂಡಾನೆ ಅದು, ಹೆಸರು ಮೋತಿ. ಮದ ಬಂದು ಬೆಳಿಗ್ಗೆ ಸರಪಳಿ ಹರಿದುಕೊಂಡು, ಹಣ್ಣಿನ ಗಾಡಿಗಳನ್ನು ತುಳಿದು, ಇಬ್ಬರನ್ನು ಗಾಯಗೊಳಿಸಿ ಆ ಕಂಪೌಂಡಿಗೆ ನುಗ್ಗಿತು. ಎರಡೂ ಬದಿಗೆ ಸಾಲುಮನೆಗಳ ಚಾಳುಗಳು, ತುಂಬಾ ಮಕ್ಕಳು. ಹೊಡೆಯಿರಿ ಎಂದು ಆದೇಶ ಬಂತು. ಪೊಲೀಸ್ ವ್ಯಾನಿನಲ್ಲಿ ಸಾಹೇಬರು, ‘ಶಿಕಾರಿ ಯಾರಿಗೆ ಗೊತ್ತು?’ ಎಂದು ಕೇಳಿದರಂತೆ. ‘ಇಸ್ಕಾ ಬಾಪ್ ಶಿಕಾರಿ ಥಾ, ಸಾಬ್’ ಎಂದು ಉಳಿದ ಪೇದೆಗಳು ಶಿವಪ್ಪನನ್ನು ಮುಂದೆ ತಳ್ಳಿದರು. ನಿನ್ನ ಹೆಸರು ಹೇಳಿ ಅವನ ಕೈಗೆ ರೈಫಲು ಕೊಟ್ಟರು, ಅಪ್ಪಾ.

ಮುಲುಂಡಿನ ಆ ಎಮ್ಮೆ ಕೊಟ್ಟಿಗೆ, ತಬೇಲಾ, ನೆನಪಿದೆಯೇ? ಖಾನಾಪುರದ ಕಾಡು ಬಿಟ್ಟು, ಇನಾಮದಾರರ ಬಂದೂಕು ಹೊರುವುದನ್ನು ಬಿಟ್ಟು, ಬೈಕುಲ್ಲಾದಲ್ಲಿ ಮಾರ್ಕೆಟ್ಟಿನ ವಾಚ್‌ಮನ್ ಆದ ಮೇಲೂ ನೀನು ಕಾಡುಕೋಣದ ಶಿಕಾರಿಯ ಮಾತು ಬಿಡಲಿಲ್ಲ. ರಜೆಯ ದಿನ ಹಾಲು ತರುವ ನೆಪದಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಎಮ್ಮೆಯ ಪಕ್ಕ ನಿಲ್ಲಿಸುತ್ತಿದ್ದೆ. ‘ಮುಂಗಾಲು ಮುಂದ ಇಡೂತನಾ ತಡೀಬೇಕು. ಇಟ್ಟಾಗ ಈ ಜಾಗಾ ಬಯಲಾಗ್ತೈತಿ ನೋಡ್ರಿ, ಕಾಲಿನ ಹಿಂದ. ಹೊಟ್ಟಿ ಗೆರಿಯಿಂದ ಮ್ಯಾಲ ಮೂರರಾಗ ಒಂದು ಪಾಲು, ಅಷ್ಟ. ಡುಬ್ಬಾ ನೋಡಿ ಮ್ಯಾಲ ಹೊಡದ್ರ ಬರೇ ಎಲುಬು. ತಲಿಗೆ ಹೊಡೀಬ್ಯಾಡ್ರಿ, ಗುಂಡು ಜಾರ್ತೈತಿ.’ ತಬೇಲಾದ ಭಯ್ಯಾ ಬಕೆಟ್ಟು ಹಿಡಿದು ಓಡಿ ಬರುತ್ತಿದ್ದ: ‘ಏ ಮಾಮಾ, ಮೇರಿ ಭೈಂಸ್ ಕೋ ನಜರ್ ಮತ್ ಲಗಾವೋ! ದೂಧ್ ಸೂಖ್ ಜಾಯೇಗಾ!’ ನಿನ್ನ ದೃಷ್ಟಿ ತಾಗಿ ಎಮ್ಮೆಯ ಹಾಲು ಬತ್ತೀತೆಂದು ಅವನಿಗೆ ಭಯ. ನೀನು ನಕ್ಕು ಅದರ ಬೆನ್ನು ಸವರುತ್ತಿದ್ದೆ. ಆಮೇಲೆ ದಾರಿಯಲ್ಲಿ ಮೆಲ್ಲಗೆ, ‘ಒಂದ ಗುಂಡಿಗೆ ಬೀಳಬೇಕು. ಪ್ರಾಣಿ ನರಳಿದ್ರ ನನಗ ಅನ್ನ ಇಳೀತಿರಲಿಲ್ಲ’ ಎನ್ನುತ್ತಿದ್ದೆ.

ಕಡವೆ, ಹಂದಿ, ಹುಲಿ, ಎಲ್ಲಕ್ಕೂ ನಿನ್ನ ಬಳಿ ಉತ್ತರವಿತ್ತು. ಒಂದು ಸಲ ಚಾಳಿನ ಗಣಪತಿಯ ಮುಂದೆ ಆರತಿಗೆ ನಿಂತಿದ್ದಾಗ ನಾನು ಕೇಳಿದೆ: ‘ಅಪ್ಪಾ, ಆನಿಗೆ ಎಲ್ಲಿ ಹೊಡೀಬೇಕು?’ ನಿನ್ನ ಮುಖ ಹೇಗಾಯಿತು ಎಂದರೆ... ‘ದೇವರ ಮುಂದ ನಿಂತು ದೇವರಿಗೆ ಎಲ್ಲಿ ಹೊಡೀಬೇಕಂತ ಕೇಳ್ತೀಯೇನ?’ ಎಂದು ನನ್ನ ಎರಡೂ ಕಿವಿ ಹಿಡಿಸಿ ಬಸ್ಕಿ ಹೊಡೆಸಿದೆ. ಅಷ್ಟೇ ಅಲ್ಲ, ನೀನೂ ಕಿವಿ ಹಿಡಿದುಕೊಂಡು ನನ್ನ ಜೊತೆಗೆ ಹೊಡೆದೆ. ಶಿವಪ್ಪ ಹೊಟ್ಟೆ ಹಿಡಿದು ನಕ್ಕ. ಅದಾದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ನಿನಗೆ ಗೊತ್ತಿತ್ತೇ? ಗೊತ್ತಿದ್ದೂ ನುಂಗಿಕೊಂಡೆಯೋ, ಅಥವಾ...

‘ಕೋಣಕ್ಕ ಹೊಡದಂಗ ಹೊಡದೆ, ಅಕ್ಕಾ’ ಎಂದ ಶಿವಪ್ಪ. ಯೂನಿಫಾರ್ಮು ಬಿಚ್ಚದೆ ಹೊಸ್ತಿಲಲ್ಲೇ ಕೂತಿದ್ದ. ‘ಅಪ್ಪ ಹೇಳಿದಂಗ ಮುಂಗಾಲು ಇಡೂತನಾ ತಡದೆ. ಗೆರಿ ಲೆಕ್ಕಾ ಹಾಕಿದೆ. ಎರಡು ಗುಂಡೂ ಅಲ್ಲೇ ಬಿದ್ದುವು. ಅದು ಬೀಳಲಿಲ್ಲ. ಸುಮ್ಮನ ನಿಂತು ನನ್ನ ಕಡೆ ನೋಡ್ತು.’ ಗುಂಡು ಶ್ವಾಸಕೋಶಕ್ಕೆ ಹೊಕ್ಕಿದೆ, ಇದು ಬದುಕುವುದಿಲ್ಲ, ಆದರೆ ಬೇಗ ಸಾಯುವುದೂ ಇಲ್ಲ ಎಂದರಂತೆ ದನದ ಡಾಕ್ಟರು. ಅಷ್ಟರಲ್ಲಿ ಬೆಳಕು ಹೋಯಿತು. ಕತ್ತಲಲ್ಲಿ ಚಾಳುಗಳ ನಡುವೆ ಗುಂಡು ಹಾರಿಸುವುದು ಬೇಡ, ಬೆಳಿಗ್ಗೆ ಇವನೇ ಮುಗಿಸಲಿ ಎಂದರು ಸಾಹೇಬರು. ನಾನು ಇಟ್ಟ ಅನ್ನ ಹಾಗೇ ಇದೆ. ಅವನಿಗೂ ಇಳಿಯುತ್ತಿಲ್ಲ, ಅಪ್ಪಾ. ನಾನೇನು ಮಾಡಲಿ? ಯಾರನ್ನು ಕೇಳಲಿ? ನೀನು ಹೋದ ಮೇಲೆ ಶಿಕಾರಿಯನ್ನೇ ಕಾನೂನು ನಿಲ್ಲಿಸಿದೆ. ಗೊತ್ತಿದ್ದ ಮುದುಕರೂ ಈಗ ಗೊತ್ತಿಲ್ಲ ಎನ್ನುತ್ತಾರೆ.

ಶಿವಪ್ಪನ ಹಿಂದೆಯೇ ಒಬ್ಬ ಮುದುಕರು ಬಂದು ಚಾಳಿನ ಗ್ಯಾಲರಿಯಲ್ಲಿ ನಿಂತಿದ್ದರು. ಮೋತಿಯ ಮಾವುತ, ಮಹಬೂಬ್ ಚಾಚಾ, ನಮ್ಮ ವಿಜಾಪುರದ ಕಡೆಯವರು. ಬೆಳಿಗ್ಗೆ, ಹೊಡೆಯಬೇಡಿ ಎಂದು ಸಾಹೇಬರ ಕಾಲು ಹಿಡಿದಿದ್ದಕ್ಕೆ ಅವರನ್ನು ಎತ್ತಿ ಹೊರಗೆ ಹಾಕಿದ್ದರಂತೆ. ಬೈಯಲು ಬಂದಿದ್ದಾರೆ ಎಂದುಕೊಂಡೆ. ನಾನು ಚಹಾ ಕೊಟ್ಟೆ, ಕುಡಿಯಲಿಲ್ಲ.

‘ಬೇಟಾ, ಮುಂಜಾನೆ ನೀ ಕೇಳಿದ್ರೂ ನಾ ಹೇಳ್ತಿದ್ದಿಲ್ಲ’ ಎಂದರು ಶಿವಪ್ಪನಿಗೆ. ‘ಈಗ ಹೇಳ್ತೀನಿ. ಮತ್ತ ತಪ್ಪಬ್ಯಾಡ.’

‘ನಿಮಗ ಹೆಂಗ ಗೊತ್ತು, ಚಾಚಾ?’ ಎಂದ ಶಿವಪ್ಪ.

‘ನಮ್ಮ ಅಬ್ಬಾ ಮೊದಲನೇ ದಿನಾನೇ ತೋರಿಸಿದ್ರು. ಕಿವಿ ತೂತಿನ ಮುಂದ, ಇಷ್ಟ ಜಾಗಾ. ಇಲ್ಲಿ ಅಂಕುಶ ಎಂದೂ ತಾಗಬಾರದು ಅಂದಿದ್ರು. ಮೀಯಿಸುವಾಗ್ಲೂ ನಾ ಅಲ್ಲಿ ಕಲ್ಲಿಲೆ ತಿಕ್ಕಿಲ್ಲ, ಅಂಗೈಲೆ ತಿಕ್ಕೀನಿ.’

ನೀನು ಆ ಜಾಗ ಹೇಳದೆ ಆನೆಯನ್ನು ಕಾಪಾಡಿದೆ. ಅವರ ಅಬ್ಬಾ ಹೇಳಿ ಕಾಪಾಡಿದರು. ಎರಡೂ ಕೊನೆಗೆ ಶಿವಪ್ಪನ ಕೈಗೇ ಬಂದು ನಿಂತಿವೆ. ಇದನ್ನು ನಾನು ಹೇಗೆ ಅರ್ಥ ಮಾಡಿಕೊಳ್ಳಲಿ?

ರಕ್ತ ಹೋಗಿ ಈಗ ಮದದ ಸೊಕ್ಕು ಇಳಿದಿದೆಯಂತೆ. ಸಂಜೆ ಚಾಚಾ ಗೇಟಿನ ಸಂದಿಯಿಂದ ಬಾಳೆಹಣ್ಣು ಚಾಚಿದಾಗ ಮೋತಿ ಗುರುತು ಹಿಡಿದು ತೆಗೆದುಕೊಂಡಿತಂತೆ, ತಿನ್ನಲಿಲ್ಲ. ನಾಳೆ ಬೆಳಿಗ್ಗೆ ಚಾಚಾ ಅದರ ಮೈ ತೊಳೆದು, ಆಟಕ್ಕೆ ಬಿಡುವಾಗಿನಂತೆ ಹಣೆಗೆ ಬಣ್ಣ ಬರೆಯುತ್ತಾರೆ. ಕಿವಿಯ ಮುಂದೆ ಆ ಜಾಗದಲ್ಲಿ ಸುಣ್ಣದ ಬೊಟ್ಟು ಇಡುತ್ತಾರೆ. ಆಮೇಲೆ ಇನ್ನೊಂದು ಬದಿಗೆ ದೂರ ನಿಂತು ಹೆಸರು ಕರೆಯುತ್ತಾರೆ. ಅದು ಆ ಕಡೆ ತಿರುಗಿದಾಗ ಬೊಟ್ಟು ಶಿವಪ್ಪನಿಗೆ ಕಾಣಬೇಕು. ‘ನಾ ಕರದ್ರ ಅದು ತಿರುಗ್ತದ’ ಎಂದು ಹೇಳಿ, ನಮ್ಮ ಎಲೆ ಅಡಿಕೆ ಡಬ್ಬಿಯಿಂದ ಸುಣ್ಣ ಕೇಳಿ ತೆಗೆದುಕೊಂಡು ಹೋದರು. ಅದು ನಿನ್ನ ಡಬ್ಬಿ, ಅಪ್ಪಾ.

ಶಿವಪ್ಪ ಗಣಪತಿ ಫೋಟೋದ ಮುಂದೆ ಕಿವಿ ಹಿಡಿದು ನಿಂತಿದ್ದಾನೆ. ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ.

ವ್ಯಾನು ಬೆಳಿಗ್ಗೆ ಆರಕ್ಕೆ ಬರುತ್ತದೆ. ಸಾಹೇಬರು ಮತ್ತು ಡಾಕ್ಟರು ಏಳಕ್ಕೆ. ನಡುವಿನ ಆ ಒಂದು ತಾಸಿನಲ್ಲಿ ಚಾಚಾ ಮೋತಿಯ ಮೈ ತೊಳೆಯಬೇಕು.

ನಿನ್ನ ಮಗಳು,
ಗಂಗವ್ವ