ಕೆಂಪು ಬಟ್ಟೆ ಕಂಡವನಿಗೆ ಕೆಲಸವಿಲ್ಲ

ವಿಮಾನ ನಿಲ್ದಾಣದ ಶಿಸ್ತನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ಸಾಮಾನು ಹೊರುವ ಮಹಮ್ಮದ್ ಕುಂಞಿಯನ್ನು ತಾವು ಕೆಲಸದಿಂದ ತೆಗೆದುಹಾಕಿದ್ದೀರಿ. ಹೊರಟುನಿಂತ ವಿಮಾನಕ್ಕೆ ಅಡ್ಡ ಓಡಿದನೆಂಬುದು ಅವನ ಅಪರಾಧ. ಆ ವಿಮಾನದಲ್ಲಿ ನಾನಿದ್ದೆ. ತಮ್ಮ ಘನ ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಈ ೧೯೫೮ರ ಮಾರ್ಚಿನಲ್ಲಿ, ಮುಂಬಯಿಯಲ್ಲಿರುವ ನನ್ನ ಮಗಳು ಅನಂತಮತಿಗೆ ಶಸ್ತ್ರಚಿಕಿತ್ಸೆಯೆಂದು ತಂತಿ ಬಂತು. ವಿಮಾನದಲ್ಲಿ ನನಗೆ ಸಿಕ್ಕಿದ್ದು ಮುಂದಿನ ಸಾಲು. ಚಾಲಕರ ಕೋಣೆಯ ಬಾಗಿಲು ತೆರೆದೇ ಇತ್ತು. ಕಪ್ತಾನರೂ ಅವರ ಸಹಾಯಕರೂ ಭಾನುವಾರದ ಕುದುರೆ ರೇಸಿನ ಚರ್ಚೆಯಲ್ಲಿ ಮುಳುಗಿದ್ದರು. ನಡುನಡುವೆ ಸಹಾಯಕರು ಒಂದು ಹಾಳೆ ನೋಡಿ ಪ್ರಶ್ನೆ ಓದುವರು, ಕಪ್ತಾನರು ತಲೆಯೆತ್ತದೆ ಉತ್ತರಿಸುವರು. "ಬಾಲದ ಅಡ್ಡಿ?" "ತೆಗೆದಾಗಿದೆ." ಮತ್ತೆ ಕುದುರೆ! ಮೂವತ್ತೊಂದು ವರ್ಷ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡವನು ನಾನು. ಬರೇ ಬಾಯಿಪಾಠದ ದನಿ ನನಗೆ ತಿಳಿಯದೇ? ಆದರೂ ಕಪ್ತಾನರ ತೋಳಿನ ಚಿನ್ನದ ಪಟ್ಟಿ ನೋಡಿ ಬಾಯಿ ಮುಚ್ಚಿಕೊಂಡು ಕೂತೆ. ಅದಕ್ಕೆ ಇಂದಿಗೂ ನಾಚುತ್ತೇನೆ.

ವಿಮಾನ ನಿಂತಿರುವಾಗ ಬಾಲದ ಚುಕ್ಕಾಣಿ ಗಾಳಿಗೆ ಹೊಡೆದುಕೊಳ್ಳಬಾರದೆಂದು ಒಂದು ಮರದ ಅಡ್ಡಿ ಸಿಕ್ಕಿಸುತ್ತಾರೆ. ಮರೆಯಬಾರದೆಂದೇ ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ತೆಗೆಯದೆ ಮೇಲೇರಿದ ವಿಮಾನ ಚಾಲಕನ ಮಾತು ಕೇಳುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ಕಂಡದ್ದಿಷ್ಟು: ಒಬ್ಬ ಮನುಷ್ಯ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಬೀಸುತ್ತ, ತಿರುಗುವ ಪಂಖದ ಎದುರಿಗೇ ಓಡಿ ಬಂದು ನಿಂತ. ವಿಮಾನ ನಿಂತಿತು. ಬಾಲದಿಂದ ಕೆಂಪು ಬಟ್ಟೆ ಕಟ್ಟಿದ ಅಡ್ಡಿಯನ್ನು ತೆಗೆದು ತಂದರು. ಕಪ್ತಾನರು ಅವನನ್ನು ಚೆನ್ನಾಗಿ ಬೈದು, "ಸಣ್ಣ ತೊಂದರೆ" ಎಂದು ನಮಗೆ ತಿಳಿಸಿ ಹೊರಟರು.

ಗುಣವಾದ ಮಗಳನ್ನು ಕರೆದುಕೊಂಡು ಊರಿಗೆ ಮರಳಿದ ಮೇಲೆ ಕೃತಜ್ಞತೆ ಹೇಳಲೆಂದು ಅವನನ್ನು ಹುಡುಕಿಕೊಂಡು ಬಂಟ್ವಾಳಕ್ಕೆ ಹೋದೆ. ಕುಂಞಿ ಇಂಗ್ಲಿಷಿನ ಕಾಗದವೊಂದನ್ನು ಕೈಗಿತ್ತ. "ಎಂತ ಬರೆದಿದ್ದಾರೆ ಓದಿ ಮಾಸ್ಟ್ರೇ, ಕೆಲಸ ಹೋಯ್ತು ಅಂತ ಮಾತ್ರ ಗೊತ್ತುಂಟು." ಅವನ ಹೆಂಡತಿ ಸಾಲಿಹಾ ಬಾಗಿಲ ಮರೆಯಿಂದ, "ಆಫೀಸಿನಿಂದ ಕರೆ ಬಂದಾಗ ಇನಾಮು ಕೊಡ್ಲಿಕ್ಕೆ ಅಂತ ಎಣಿಸಿ, ಹಬ್ಬದ ಅಂಗಿ ಹಾಕಿ ಹೋದದ್ದು ಇವರು," ಎಂದಳು. ನಾನು ಓದಿ ಹೇಳಿದೆ. ಅಡ್ಡಿ ತೆಗೆದಾಗಿದೆಯೆಂದು ಕಪ್ತಾನರು ಬರೆದಿರುವುದರಿಂದ ಅಡ್ಡಿ ಇರಲೇ ಇಲ್ಲವಂತೆ! ಸಮಯಕ್ಕೆ ಸರಿಯಾಗಿ ವಿಮಾನ ನಿಲ್ಲಿಸಿದ್ದಕ್ಕೆ ಕಪ್ತಾನರಿಗೆ ಪ್ರಶಂಸೆಯಂತೆ! ಅಪ್ಪಣೆಯಿಲ್ಲದೆ ಓಡಿದ್ದಕ್ಕೆ ಕುಂಞಿಗೆ ಶಿಕ್ಷೆಯಂತೆ! ಆಹಾ, ಎಂಥ ನ್ಯಾಯ ಸ್ವಾಮೀ! ಅರ್ಜಿ ಬರೆದು, ತಮ್ಮ ಮೊಹರು ಬೀಳುವವರೆಗೆ ಕಾದು ಓಡಬೇಕಿತ್ತೇ ಅವನು?

"ಇನ್ನೊಮ್ಮೆ ಕಂಡರೆ ಏನು ಮಾಡ್ತೀ ಕುಂಞಿ?" ಎಂದು ಕೇಳಿದೆ.

"ನೋಡ್ಲಿಲ್ಲ ಅಂತ ಹೇಳ್ತೇನೆ ಮಾಸ್ಟ್ರೇ. ನನಗೂ ಮಕ್ಕಳುಂಟಲ್ಲ?"

ಅಭಿನಂದನೆಗಳು, ಮಾನ್ಯರೇ. ತಮ್ಮ ಕಪ್ತಾನರಿಗಿರುವ ವಿದ್ಯೆಯನ್ನು ಕೊನೆಗೂ ಒಬ್ಬ ಕೂಲಿಯಾಳಿಗೆ ಕಲಿಸಿಬಿಟ್ಟಿರಿ.

ಕುಂಞಿಯನ್ನು ಕೂಡಲೇ ಕೆಲಸಕ್ಕೆ ಕರೆಯಿರಿ. ಓಡಿದ್ದು ತಪ್ಪಲ್ಲವೆಂದು ಅವನಿಗೆ ಬರಹದಲ್ಲಿ ಕೊಡಿ, ಅವನು ಓದಬಲ್ಲವರಿಂದ ಓದಿಸಿಕೊಳ್ಳುತ್ತಾನೆ. ಕಪ್ತಾನರನ್ನು ಪ್ರತಿಸಲವೂ ಬಾಲದವರೆಗೆ ಕಾಲ್ನಡಿಗೆಯಲ್ಲಿ ಕಳುಹಿಸಿರಿ. ಮುಂದಿನ ತಿಂಗಳು ನನ್ನ ಮಗಳು ಅದೇ ವಿಮಾನ ಹತ್ತಿ ಮುಂಬಯಿಗೆ ಹೊರಡುತ್ತಾಳೆ. ಅವಳನ್ನು ಹತ್ತಿಸುವ ಮೊದಲು ನಾನು ಕೇಳುವುದು ಕಪ್ತಾನರ ಹೆಸರನ್ನಲ್ಲ, ಕುಂಞಿ ಬಂದಿದ್ದಾನೆಯೇ ಎಂದು.

ಇಂತಿ,
ತಮ್ಮ ಶಿಸ್ತಿಗೆ ಭಂಗ ಬಂದದ್ದರಿಂದಲೇ ಇನ್ನೂ ಉಸಿರಾಡುತ್ತಿರುವ
ವೀರರಾಜ ಅರಿಗ
ನಿವೃತ್ತ ಶಾಲಾ ಮಾಸ್ತರ, ಬೆಳುವಾಯಿ