ಇಳಿಜಾರಿನಲ್ಲಿ ತುಂಬದ ಬ್ಯಾಟರಿ

ಗೋಣಿಬೀಡು
14-2-2002

ಪ್ರೀತಿಯ ನಮ್ಮ ಮನೆಯವರಿಗೆ, ಸುಪ್ರಿಯಾಳ ಶರಣು.

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತಾ? ಪುಣೆಯ ಮೆಸ್ ಊಟದ ಬಗ್ಗೆ ಕೇಳುವುದಿಲ್ಲ, ಕೇಳಿದರೆ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತೀರಿ. ಫೋನು ಮಾವನವರ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ನಮ್ಮಿಬ್ಬರ ಮಾತು ಬರೀ ಹವಾಮಾನ ವರದಿ ಆಗಿಬಿಟ್ಟಿದೆ. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಆರೋಗ್ಯ. ನನಗೆ ಮಾತ್ರ ಸುಸ್ತು. ಕಾಯಿಲೆಯೇನಲ್ಲ, ಗಾಬರಿಯಾಗಬೇಡಿ. ಬೆಳಗ್ಗೆ ಕಣದಲ್ಲಿ ಕಾಫಿ ಹರಡಿಸಬೇಕು, ಸಂಜೆ ರಾಶಿ ಮಾಡಿಸಿ ಟಾರ್ಪಾಲು ಹೊದಿಸಬೇಕು, ನಡುವೆ ಅತ್ತೆಯ ಕಷಾಯ, ಧನ್ಯಾಳ ಹೋಂವರ್ಕು. ಅಪ್ಪ ಯಾವಾಗ ಬರ್ತಾರೆ ಎಂದು ಕೇಳುವುದನ್ನೂ ನಿಮ್ಮ ಮಗಳು ಬಿಟ್ಟಿದ್ದಾಳೆ.

ಇನ್ನು ನಿಮ್ಮ ಗಾಡಿಯ ಸಮಾಚಾರ. ದೀಪಾವಳಿಗೆ ಬಂದಾಗ ಆ ಬ್ಯಾಟರಿ ಬೈಕನ್ನು ಮಾವನವರ ಕೈಗೆ ಕೊಟ್ಟು, ಹೊಗೆಯಿಲ್ಲ, ಸದ್ದಿಲ್ಲ, ಏರಿನಲ್ಲಿ ಖರ್ಚಾದ ಕರೆಂಟನ್ನು ಇಳಿಜಾರಿನಲ್ಲಿ ತಾನೇ ತುಂಬಿಕೊಳ್ಳುತ್ತದೆ, ಮಲೆನಾಡಿಗೆಂದೇ ಮಾಡಿದ್ದು ಎಂದು ಹೇಳುವಾಗ ನಿಮ್ಮ ಮುಖ ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ನೀವು ಅಷ್ಟು ಖುಷಿಯಾಗಿರಲಿಲ್ಲ. ವರ್ಷಗಟ್ಟಲೆ ಅದರ ಚಿತ್ರ ಬರೆದಿರಿ, ಅಳಿಸಿದಿರಿ. ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿ ಏನಿಡಲಿ ಎಂದು ನನ್ನನ್ನೂ ಕೇಳಿದ್ದಿರಿ, ಊಟದ ಡಬ್ಬಿ ಇಡಿ ಎಂದಿದ್ದೆ. ಈಗ ನೋಡಿದರೆ, ಮೂಡಿಗೆರೆಗೆ ಹೋಗಿ ವಾಪಸ್ ಬರುವಾಗ ನಮ್ಮ ಮನೆಯ ಏರಿನಲ್ಲಿ ನಿಂತೇಬಿಡುತ್ತದೆ. ಸಿದ್ದಬಸಪ್ಪನವರ ಅಂಗಡಿ ಮುಂದೆ ಕೂತವರಿಗೆ ಪುಕ್ಕಟೆ ತಮಾಷೆ. "ಶಾಂತವೀರಪ್ಪೋರ ಗಾಡಿ ಬಂತು, ತಳ್ಳಕ್ಕೆ ಏಳ್ರೋ" ಅನ್ನುತ್ತಾರೆ. ಮಾವನವರು ಯಾರಿಗೂ ಎದುರಾಡುವುದಿಲ್ಲ. ಮಗ ಮಾಡಿದ ಗಾಡಿ ಎಂದು ದಿನಾ ಒರೆಸುತ್ತಾರೆ, ದಿನಾ ತಳ್ಳುತ್ತಾರೆ. ಆಮೇಲೆ ನಿಮಗೆ ಫೋನು ಮಾಡಿ "ಇಳಿಜಾರಲ್ಲಿ ಏನೂ ತುಂಬ್ತಿಲ್ಲ ಮಾರಾಯ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ಅದಕ್ಕೆ ನೀವು, ನನ್ನ ಡಿಸೈನೇ ತಪ್ಪು, ಮುಂದಿನ ತಿಂಗಳ ಕಂಪನಿ ಮೀಟಿಂಗಿನಲ್ಲಿ ಒಪ್ಪಿಕೊಂಡು, ಕೆಲಸ ಬಿಟ್ಟು ಊರಿಗೆ ಬಂದುಬಿಡುತ್ತೇನೆ ಎಂದಿರಲ್ಲ, ಅವತ್ತು ನಿಮ್ಮ ದನಿ ಕೇಳಿ ಬೇಜಾರಾಯಿತು. ಆದರೆ ಖುಷಿಯೂ ಆಯಿತು, ಯಾಕೆ ಮುಚ್ಚಿಡಲಿ? ಅತ್ತೆ ಆಗಲೇ ನಿಮ್ಮ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಒಬ್ಬಳೇ ಎಲ್ಲವನ್ನೂ ಎಳೆದು ಎಳೆದು ನನಗೂ ಸಾಕಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆ ಮಾವನವರ ಆಶೀರ್ವಾದ, ಧನ್ಯಾಳ ಮುತ್ತು.

ನಿಮ್ಮ,
ಸುಪ್ರಿಯಾ

ವಿ.ಸೂ.: ಟಪಾಲಿನವರು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಸೋಮವಾರ ಮಾವನವರ ಹಿಂದೆ ಕೂತು ನಾನೂ ಮೂಡಿಗೆರೆಗೆ ಹೋಗಿದ್ದೆ. ಇಳಿಜಾರು ಬಂದ ಕೂಡಲೇ ಅವರು ಕೀ ಆಫ್ ಮಾಡಿದರು. ಕೆಳಗಿಳಿದ ಮೇಲೆ ಆನ್. ಒಂದು ಇಳಿಜಾರನ್ನೂ ಬಿಡಲಿಲ್ಲ. ಕೇಳಿದ್ದಕ್ಕೆ, "ಇಳಿಜಾರಲ್ಲಿ ಯಾರಾದ್ರೂ ಆನ್ ಇಟ್ಟು ದಂಡ ಮಾಡ್ತಾರೇನಮ್ಮ?" ಅಂದರು. ಪೆಟ್ರೋಲ್ ಉಳಿಸಲು ಹಳೇ ಬೈಕಿನಲ್ಲಿ ಮಾಡುತ್ತಿದ್ದದ್ದನ್ನೇ ಇದರಲ್ಲೂ ಮಾಡುತ್ತಿದ್ದಾರೆ. ಕೀ ಆಫಾಗಿದ್ದರೆ ಬ್ಯಾಟರಿ ತುಂಬುವುದು ಹೇಗೆ? ವಾಪಸ್ ಬರುವಾಗ ನನಗೆ ಹೆದರಿಕೆ ಎಂದು ಹೇಳಿ ಕೀ ಮುಟ್ಟಲು ಬಿಡಲಿಲ್ಲ. ಇಬ್ಬರನ್ನೂ ಹೊತ್ತುಕೊಂಡು ಎಲ್ಲೂ ನಿಲ್ಲದೆ ಏರು ಹತ್ತಿ ಅಂಗಳಕ್ಕೇ ಬಂದು ನಿಂತಿತು. ಅವತ್ತು ಏನೋ ಗಾಡಿಯ ಮೂಡ್ ಚೆನ್ನಾಗಿತ್ತು ಎಂದುಕೊಂಡಿದ್ದಾರೆ ಮಾವ. ನಿಮ್ಮ ಡಿಸೈನ್ ಸರಿಯಾಗಿಯೇ ಇದೆ, ಮೀಟಿಂಗಿನಲ್ಲಿ ತಲೆ ಎತ್ತಿ ಹೇಳಿ. ಸೋಮವಾರದಿಂದ ಯಾರಿಗೂ ಹೇಳದೆ ಸುಮ್ಮನಿದ್ದೆ. ಸುಮ್ಮನೇ ಇದ್ದುಬಿಟ್ಟಿದ್ದರೆ ನೀವು ಬರುತ್ತಿದ್ದಿರಿ.