ನಜ್ಲಾಳ ಮದುವೆಯ ಮೊದಲ ಕೂಗು

ಅಲೆಕ್ಸಾಂಡ್ರಿಯಾ, ಮೇ 12, ಸೋಮವಾರ

ನಲವತ್ತಾರನೇ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದೆ. ಹಲ್ಲೆಲ್ಲ ಸಡಿಲವಾದಂತೆ ನೋವು, ನಾಲಗೆಗೆ ತಂತಿ ಗೀರುತ್ತಿದೆ. "ಮೊದಲ ವಾರ ಹೀಗೇ ಇರುತ್ತೆ, ಹೆದರ್ಬೇಡಿ," ಎಂದರು ಡಾಕ್ಟರ್ ನುಹಾ. ಗುರುವಾರ ಅಕ್ಕನ ಮಗಳು ನಜ್ಲಾಳ ಮದುವೆ ಇದೆಯೆಂದು ಅವರಿಗೇನು ಗೊತ್ತು!

ಅಮ್ಮ ಹೋದ ಮೇಲೆ ನಮ್ಮ ಮನೆ ಮದುವೆಗಳಲ್ಲಿ ನಾಲಗೆ ಆಡಿಸುತ್ತಾ ಮೊದಲ ಝಗರೂತಾ ಕೂಗುವವಳು ನಾನೇ. ಆ ಸಂತೋಷದ ಕೂಗು ಒಡೆದರೆ ಹೆಂಗಸರೆಲ್ಲ ಅಪಶಕುನ ಎನ್ನುತ್ತಾರೆ. "ಚಿಕ್ಕಮ್ಮಾ, ನೀನು ಕೂಗೋವರೆಗೂ ನಾನು ಮೆಟ್ಟಿಲು ಇಳಿಯಲ್ಲ ನೋಡು," ಎಂದಿದ್ದಾಳೆ ಹುಡುಗಿ.

ಸಂಜೆಯಿಂದ ಅದೇ ದಿಗಿಲು. ಬಚ್ಚಲಿನ ಬಾಗಿಲು ಹಾಕಿಕೊಂಡು ಕೂಗಿ ನೋಡಿದೆ. ನಾಲಗೆ ತಂತಿಗೆ ಸಿಕ್ಕಿತು. ಮತ್ತೆ ಕೂಗಿದೆ. ನಮ್ಮವರು ಬಾಗಿಲು ಬಡಿದರು.

"ಯಾಕೆ ಅಳ್ತಿದ್ದೀಯೇ? ಅಷ್ಟು ನೋವಾ?"

ಹೌದು ಅಂದುಬಿಟ್ಟೆ.